ಬೇಳೆ ಬೇಯದ ನೀರಿನಲ್ಲಿ ಮೀನು ಸಾಕಲು ಹೋಗಿ

ನಮ್ಮ ಬಳಗದ ಕಚೇರಿ ಎಂದರೆ ತುಮಕೂರು ಜಿಲ್ಲೆಯ ಗಡಿ ತಾಲ್ಲೂಕೊಂದರಲ್ಲಿ ನಾವು ನಾಲ್ವರು ಬಾಡಿಗೆಗೆ ಹಿಡಿದಿರುವ ಎರಡು ಕೋಣೆಯ ಹಳೆಯ ಮನೆ. ಒಂದು ಕೋಣೆಯಲ್ಲಿ ಕಂಪ್ಯೂಟರು, ಇನ್ನೊಂದರಲ್ಲಿ ಚಾಪೆ. ಫೆಬ್ರವರಿ ನಡುವಿನಲ್ಲಿ, ದಿನವಿಡೀ ಪರದೆ ನೋಡಿ ದಣಿದ ಕಣ್ಣಿಗೆ ಒಂದಿಷ್ಟು ತಂಪಿರಲಿ ಎಂದು 60 ಲೀಟರಿನ ಗಾಜಿನ ತೊಟ್ಟಿಯೊಂದನ್ನು ತಂದಿಟ್ಟೆವು. ಅದರಲ್ಲಿ 12 ನಿಯಾನ್ ಟೆಟ್ರಾ, 6 ಗಪ್ಪಿ. ಮೈಮೇಲೆ ನೀಲಿ ಗೆರೆ ಎಳೆದಂತಿರುವ ನಿಯಾನ್ ಮೀನುಗಳು ಗುಂಪಾಗಿ ತಿರುಗುತ್ತಿದ್ದರೆ ನೋಡುತ್ತಾ ಕೂರುವುದೇ ಒಂದು ಕೆಲಸವಾಯಿತು.

ಮಾರ್ಚ್ ಕೊನೆಯ ಹೊತ್ತಿಗೆ 12ರಲ್ಲಿ ಒಂದೂ ಉಳಿಯಲಿಲ್ಲ. ಗಪ್ಪಿಗಳು ಮಾತ್ರ ಮರಿ ಹಾಕಿ ಇಪ್ಪತ್ತಕ್ಕೂ ಹೆಚ್ಚಾಗಿದ್ದವು.

ಊಟ ಹೆಚ್ಚಾಯಿತೇ, ರೋಗವೇ, ಬಿಸಿಲೇ ಎಂದು ನಾವು ತಲೆ ಕೆಡಿಸಿಕೊಂಡಿದ್ದಾಗ ಮನೆ ಮಾಲೀಕರಾದ ಅಜ್ಜಿ ಬಾಗಿಲಲ್ಲಿ ನಿಂತು ಕೇಳಿದರು: "ಯಾವ ನೀರು ಹಾಕಿದ್ರಿ?"

"ಬೋರ್‌ವೆಲ್ ನೀರೇ ಅಜ್ಜಿ."

"ಆ ನೀರಾಗೆ ಬ್ಯಾಳೆನೇ ಬೇಯಲ್ಲ ಕಣ್ರಪ್ಪ. ಮೀನು ಹ್ಯಾಂಗೆ ಬದುಕ್ತವೆ?"

ಬೇಳೆಗೂ ಮೀನಿಗೂ ಏನು ಸಂಬಂಧ ಎಂದು ಆಗ ನಕ್ಕೆವು. ಆಮೇಲೆ ಓದುತ್ತಾ ಹೋದಂತೆ, ಆ ಒಂದು ಮಾತಿನಲ್ಲಿ ಹೆಚ್ಚು ಕಡಿಮೆ 180 ವರ್ಷಗಳ ವಿಜ್ಞಾನದ ಚರಿತ್ರೆಯೇ ಇದೆ ಎಂದು ತಿಳಿಯಿತು. ಅದನ್ನು ಇಲ್ಲಿ ಬರೆದಿಡುತ್ತಿದ್ದೇವೆ. ನಮ್ಮಂತೆ ಬಯಲುಸೀಮೆಯಲ್ಲಿ ಮೀನು ಸಾಕಲು ಹೊರಟವರಿಗೆ ಉಪಯೋಗವಾದೀತು. ಸಾಕದವರಿಗೂ ತಾವು ಕುಡಿಯುವ ನೀರಿನ ಬಗ್ಗೆ ನಾಲ್ಕು ವಿಷಯ ಸಿಕ್ಕಾವು.

ಅಡುಗೆಮನೆಯ ಪರೀಕ್ಷೆ

ನೀರಿನ ಗುಣ ಅಳೆಯಲು ನಮ್ಮ ಹಳ್ಳಿಗಳಲ್ಲಿ ಯಾರೂ ಪ್ರಯೋಗಾಲಯಕ್ಕೆ ಹೋಗುತ್ತಿರಲಿಲ್ಲ. ಬೇಳೆ ಬೆಂದರೆ ಸೀ ನೀರು, ಬೇಯದಿದ್ದರೆ ಉಪ್ಪು ನೀರು. ಬಟ್ಟೆ ಒಗೆಯುವಾಗ ಸೋಪು ನೊರೆ ಬಂದರೆ ಒಳ್ಳೆಯ ನೀರು. ನೊರೆಯ ಬದಲು ಬಿಳಿ ಗಸಿ ಬಂದು ಬಟ್ಟೆ ಬಿರುಸಾದರೆ ಕೆಟ್ಟ ನೀರು. ಶಾಲೆಯ ಪುಸ್ತಕ ಇದನ್ನೇ ಗಡಸು ನೀರು, ಮೆದು ನೀರು ಎನ್ನುತ್ತದೆ.

ಕಾರಣ ಸರಳ. ಮಳೆ ನೀರು ನೆಲಕ್ಕಿಳಿದು, ಕಲ್ಲು ಮಣ್ಣಿನ ನಡುವೆ ಹಾದು ಹೋಗುವಾಗ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕರಗಿಸಿಕೊಳ್ಳುತ್ತದೆ. ನೆಲದೊಳಗೆ ಹೆಚ್ಚು ಕಾಲ ನಿಂತಷ್ಟೂ ಸಾಮಾನ್ಯವಾಗಿ ಹೆಚ್ಚು ಕರಗಿಸಿಕೊಳ್ಳುತ್ತದೆ. ಈ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳ ಗೋಡೆಯಲ್ಲಿರುವ ಪೆಕ್ಟಿನ್‌ಗೆ ಅಂಟಿ ಅದನ್ನು ಗಟ್ಟಿ ಮಾಡುತ್ತದೆ. ಸೋಪಿನ ಜತೆ ಸೇರಿದರೆ ನೀರಿನಲ್ಲಿ ಕರಗದ ಗಸಿಯಾಗುತ್ತದೆ. ನೀರು ನೋಡಲು ಕನ್ನಡಿಯಂತೆ ತಿಳಿಯಾಗಿದ್ದರೂ ಇದು ನಡೆಯುತ್ತದೆ. ಹಿಂದಿನವರು ಕೆರೆಯ ಕದಡಿದ ನೀರನ್ನು ತಿಳಿ ಮಾಡಲು ಚಿಲ್ಲದ ಬೀಜ ತೇಯ್ದು ಹಾಕುತ್ತಿದ್ದರು. ಅದು ಮಣ್ಣಿನ ಕಣಗಳನ್ನು ತಳಕ್ಕೆ ಕೂರಿಸುತ್ತದೆ, ಕರಗಿ ಹೋದ ಕ್ಯಾಲ್ಸಿಯಂಗೆ ಏನೂ ಮಾಡುವುದಿಲ್ಲ. ತಿಳಿಯಾದ ನೀರೆಲ್ಲ ಮೆದು ನೀರಲ್ಲ ಎಂಬುದು ನಾವು ಕಲಿತ ಮೊದಲ ಪಾಠ. ಮೀನು ಕೊಳ್ಳುವಾಗ ಅಂಗಡಿಯವರು "ನಿಮ್ಮದು ಯಾವ ನೀರು?" ಎಂದು ಕೇಳಿದ್ದರು. "ಕ್ಲೀನ್ ಇದೆ" ಎಂದು ನಾವು ಉತ್ತರಿಸಿದ್ದೆವು. ಅವರು ಕೇಳಿದ್ದು ಬೇರೆ, ನಾವು ಹೇಳಿದ್ದು ಬೇರೆ.

ನಮ್ಮ ಅಜ್ಜಿಯ ನೆನಪಿನಲ್ಲಿ ನೀರಿನ ಮೂರು ಕಾಲಗಳಿವೆ. ಮದುವೆಯಾಗಿ ಬಂದಾಗ ಕುಡಿಯಲು ಕೆರೆ ಪಕ್ಕದ ಬಾವಿ. ಬೇಳೆ ಹೂವಿನಂತೆ ಅರಳುತ್ತಿತ್ತಂತೆ. ಆಮೇಲೆ ಬೀದಿಯ ಕೈಪಂಪು. ಬೇಳೆಗೆ ಸ್ವಲ್ಪ ಹೊತ್ತು ಜಾಸ್ತಿ ಬೇಕಾಯಿತು. ಈಗ ನೂರಾರು ಅಡಿ ಆಳದ ಬೋರ್‌ವೆಲ್. ಕುಕ್ಕರ್ ಎಷ್ಟು ಕೂಗಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ. ಊರಿನ ನೀರಿನ ಚರಿತ್ರೆಯನ್ನು ಇಷ್ಟು ಚಿಕ್ಕದಾಗಿ ಬೇರೆ ಯಾರೂ ನಮಗೆ ಹೇಳಿರಲಿಲ್ಲ.

ಅಬರ್ಡೀನಿನ ಮೇಷ್ಟರ ಸೋಪು

ಸೋಪಿನ ನೊರೆಯಿಂದ ನೀರನ್ನು ಅಳೆಯುವ ಮನೆಮಾತನ್ನು ಲೆಕ್ಕಕ್ಕೆ ತಂದವರು ಸ್ಕಾಟ್ಲೆಂಡಿನ ಥಾಮಸ್ ಕ್ಲಾರ್ಕ್. ಅವರು ಅಬರ್ಡೀನಿನ ಮಾರಿಷಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಗೊತ್ತಾದ ಪ್ರಮಾಣದ ಸೋಪಿನ ದ್ರಾವಣವನ್ನು ಅಳತೆಯ ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಬಾಟಲಿಯನ್ನು ಕುಲುಕುವುದು. ಐದು ನಿಮಿಷ ನಿಲ್ಲುವ ನೊರೆ ಬರಲು ಎಷ್ಟು ಸೋಪು ಹಿಡಿಯಿತು ಎಂದು ನೋಡುವುದು. ಹೆಚ್ಚು ಸೋಪು ಹಿಡಿದರೆ ಹೆಚ್ಚು ಗಡಸು. ಒಂದು ಗ್ಯಾಲನ್ ನೀರಿನಲ್ಲಿ ಒಂದು ಗ್ರೇನ್ ತೂಕದ ಸುಣ್ಣದ ಕಾರ್ಬೊನೇಟ್ ಇದ್ದರೆ ಅದು ಒಂದು ಡಿಗ್ರಿ. ಇಂದಿಗೂ ಅದನ್ನು ಕ್ಲಾರ್ಕ್ ಡಿಗ್ರಿ ಎನ್ನುತ್ತಾರೆ.

1841ರಲ್ಲಿ ಕ್ಲಾರ್ಕ್ ನೀರನ್ನು ಮೆದು ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದರು. ಸುಣ್ಣದಿಂದ ಗಡಸಾದ ನೀರಿಗೆ ಅವರು ಹಾಕಿದ್ದು ಸುಣ್ಣವನ್ನೇ! ಸುಣ್ಣದ ತಿಳಿ ಹಾಕಿದಾಗ ನೀರಿನಲ್ಲಿ ಕರಗಿದ್ದ ಬೈಕಾರ್ಬೊನೇಟು ಕರಗದ ಕಾರ್ಬೊನೇಟಾಗಿ, ಬಿಳಿ ಪುಡಿಯಾಗಿ ತಳಕ್ಕೆ ಕೂರುತ್ತದೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಕೆಲಸ. ದೊಡ್ಡ ಊರುಗಳ ನೀರು ಶುದ್ಧೀಕರಣ ಘಟಕಗಳಲ್ಲಿ ಈ ತತ್ವ ಇಂದಿಗೂ ಬಳಕೆಯಲ್ಲಿದೆ.

ಅದೇ 1841ರಲ್ಲಿ ಲಂಡನ್ನಿನಲ್ಲಿ ಕೆಮಿಕಲ್ ಸೊಸೈಟಿ ಹುಟ್ಟಿತು. ಅದನ್ನು ಕಟ್ಟಲು ಓಡಾಡಿದ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞರೇ ನಮ್ಮ ಕಥೆಯ ಎರಡನೆಯ ಮನುಷ್ಯ.

ಗಾಜಿನೊಳಗೆ ಒಂದು ಕೆರೆ

ಮೀನನ್ನು ಪಾತ್ರೆಯಲ್ಲಿ ಇಡುವುದು ಹೊಸದೇನಲ್ಲ. ಚೀನಾದವರು ಶತಮಾನಗಳಿಂದ ಚಿನ್ನದ ಮೀನು ಸಾಕುತ್ತಿದ್ದರು. ಆದರೆ ನೀರು ಬದಲಿಸದೆ ಎಷ್ಟು ಕಾಲ ಮೀನು ಬದುಕಿಸಬಹುದು, ಹೇಗೆ ಬದುಕಿಸಬಹುದು ಎಂಬುದನ್ನು ಪ್ರಯೋಗ ಮಾಡಿ 1850ರಲ್ಲಿ ಕೆಮಿಕಲ್ ಸೊಸೈಟಿಗೆ ವರದಿ ಮಾಡಿದವರು ವಾರಿಂಗ್ಟನ್. ಗಾಜಿನ ಪಾತ್ರೆಯಲ್ಲಿ ಎರಡು ಚಿನ್ನದ ಮೀನು, ಪಟ್ಟಿಯಂತೆ ಉದ್ದ ಎಲೆಯ ವ್ಯಾಲಿಸ್ನೇರಿಯಾ ಗಿಡ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಇಂಗಾಲದ ಡೈ ಆಕ್ಸೈಡ್ ಬಿಡುತ್ತದೆ. ಮೊದಮೊದಲು ಕೊಳೆತ ಎಲೆಗಳಿಂದ ನೀರು ಕೆಟ್ಟಿತು. ಕೆರೆಯ ಬಸವನಹುಳುಗಳನ್ನು ಬಿಟ್ಟಾಗ ಅವು ಕೊಳೆತದ್ದನ್ನು ತಿಂದು ತೊಟ್ಟಿಯನ್ನು ಸರಿದೂಗಿಸಿದವು.

ಅಲ್ಲಿಂದ ಮುಂದೆ ಇಂಗ್ಲೆಂಡಿನಲ್ಲಿ ತೊಟ್ಟಿಯ ಹುಚ್ಚೇ ಹಬ್ಬಿತು. ಗಾಜಿನ ಮೇಲಿನ ತೆರಿಗೆ 1845ರಲ್ಲೇ ರದ್ದಾಗಿ ಗಾಜು ಅಗ್ಗವಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. 1854ರಲ್ಲಿ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ 'ಅಕ್ವೇರಿಯಂ' ಎಂಬ ಪದ ಮನೆಮಾತಾಯಿತು. ನಮ್ಮಲ್ಲಿ ಇಬ್ಬರು ಆ ಪದವನ್ನು ಮೊದಲು ಓದಿದ್ದು ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ 1983ರಲ್ಲಿ ಆರಂಭವಾದ ಸರ್ಕಾರಿ ಮತ್ಸ್ಯಾಲಯದ ಬಾಗಿಲಲ್ಲಿ, ಶಾಲಾ ಪ್ರವಾಸಕ್ಕೆ ಹೋದಾಗ.

ವಾರಿಂಗ್ಟನ್ನರ ತೊಟ್ಟಿಯ ಬಗ್ಗೆ ಓದುವಾಗ ನಮಗೊಂದು ವಿಷಯ ಹೊಳೆಯಿತು. ಲಂಡನ್ ಸುತ್ತಲಿನ ನೆಲ ಸೀಮೆಸುಣ್ಣದ ನೆಲ, ಅಲ್ಲಿನ ನೀರು ಗಡಸು. ಬಸವನಹುಳುವಿಗೆ ಚಿಪ್ಪು ಕಟ್ಟಲು ಕ್ಯಾಲ್ಸಿಯಂ ಬೇಕು. ವ್ಯಾಲಿಸ್ನೇರಿಯಾ ಗಡಸು ನೀರಿನ ಬೈಕಾರ್ಬೊನೇಟನ್ನೇ ಆಹಾರಕ್ಕೆ ಬಳಸಿಕೊಳ್ಳಬಲ್ಲ ಗಿಡ. ಚಿನ್ನದ ಮೀನಂತೂ ಗಡಸು ನೀರಿಗೆ ಹೆದರುವುದಲ್ಲ. ಅಂದರೆ ಆ ತೊಟ್ಟಿಯಲ್ಲಿದ್ದ ಮೂರೂ ಜೀವಗಳು ಆ ನೀರಿಗೆ ಒಗ್ಗುವಂಥವೇ. ಮೀನು ಸಾಕುವವರು ಆಗ ಗಡಸುತನದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾದ ಸಂದರ್ಭವೇ ಬರಲಿಲ್ಲ. ಕ್ಲಾರ್ಕ್ ಮತ್ತು ವಾರಿಂಗ್ಟನ್ ಇಬ್ಬರೂ ತೀರಿಕೊಂಡದ್ದು 1867ರಲ್ಲಿ. ಒಬ್ಬರ ಅಳತೆಗೋಲು ಇನ್ನೊಬ್ಬರ ತೊಟ್ಟಿಗೆ ಎಷ್ಟು ಮುಖ್ಯ ಎಂಬುದು ಮೀನು ಸಾಕುವವರಿಗೆ ಅರಿವಾಗಲು ದೂರದ ಮೀನುಗಳು ಬರಬೇಕಾಯಿತು.

ದೂರದ ಹೊಳೆಯ ಮೀನು

ಹಡಗು, ರೈಲು ವೇಗವಾದಂತೆ, ತೊಟ್ಟಿ ಬೆಚ್ಚಗಿಡುವ ಸಲಕರಣೆಗಳು ಬಂದಂತೆ ಯುರೋಪು, ಅಮೆರಿಕದ ಮನೆಗಳಿಗೆ ಉಷ್ಣವಲಯದ ಮೀನುಗಳು ಬಂದವು. 1930ರ ದಶಕದಲ್ಲಿ ಅಮೆಜಾನಿನ ಮೇಲ್ಭಾಗದ ಹೊಳೆಗಳಿಂದ ಒಗಸ್ಟ್ ರಬೋ ಎಂಬ ಫ್ರೆಂಚ್ ಸಂಗ್ರಾಹಕ ತಂದ ಪುಟ್ಟ ಮೀನೊಂದು ಎಲ್ಲರನ್ನೂ ಬೆರಗುಗೊಳಿಸಿತು. 1936ರಲ್ಲಿ ಜಾರ್ಜ್ ಮೈಯರ್ಸ್ ಅದನ್ನು ವಿಜ್ಞಾನಕ್ಕೆ ಪರಿಚಯಿಸಿ, ಅಮೆರಿಕದ ಅಕ್ವೇರಿಯಂ ಪತ್ರಿಕೆಯೊಂದರ ಸಂಪಾದಕ ವಿಲಿಯಂ ಇನ್ನೆಸ್ ಹೆಸರನ್ನು ಅದಕ್ಕಿಟ್ಟರು. ಅದೇ ನಿಯಾನ್ ಟೆಟ್ರಾ. ನಮ್ಮ ತೊಟ್ಟಿಯಲ್ಲಿ ಸತ್ತ 12 ಮೀನುಗಳ ಪೂರ್ವಜ.

ಅಮೆಜಾನಿನ ಅನೇಕ ಕಾಡುಹೊಳೆಗಳ ನೀರು ಹೆಚ್ಚು ಕಡಿಮೆ ಮಳೆ ನೀರಿನಷ್ಟೇ ಮೆದು. ಉದುರಿದ ಎಲೆಗಳ ಕಷಾಯ ಸೇರಿ ಚಹಾದ ಬಣ್ಣ, ಸ್ವಲ್ಪ ಆಮ್ಲದ ಗುಣ. ಅಂಥ ನೀರಿನ ಮೀನು ಗಡಸು ನೀರಿನಲ್ಲಿ ಹೇಗೋ ಬದುಕಿದರೂ ಅದರ ಮೊಟ್ಟೆ ಸರಿಯಾಗಿ ಮರಿಯಾಗುವುದಿಲ್ಲ. ಸಾಕುವವರು ಊಟ ಬದಲಿಸಿದರು, ಬೆಳಕು ಬದಲಿಸಿದರು; ಕೊನೆಗೆ ನೀರಿನ ಗಡಸುತನದತ್ತ ತಿರುಗಬೇಕಾಯಿತು.

ಇದರ ಕಾರಣ ಮೀನಿನ ಮೈಯಲ್ಲೇ ಇದೆ. ಸಿಹಿನೀರಿನ ಮೀನಿನ ರಕ್ತ ಸುತ್ತಲಿನ ನೀರಿಗಿಂತ ಉಪ್ಪು. ಹಾಗಾಗಿ ನೀರು ಅದರ ಕಿವಿರಿನ ತೆಳುಪೊರೆಯ ಮೂಲಕ ಸದಾ ಒಳಕ್ಕೆ ನುಗ್ಗುತ್ತದೆ, ಮೈಯ ಲವಣ ಹೊರಕ್ಕೆ ಸೋರುತ್ತದೆ. ಮೀನು ಆ ನೀರನ್ನು ಮೂತ್ರವಾಗಿ ಹೊರಹಾಕುತ್ತಾ, ಲವಣವನ್ನು ಹಿಡಿದಿಟ್ಟುಕೊಳ್ಳುತ್ತಾ ಬದುಕಬೇಕು. ನೀರಿನಲ್ಲಿರುವ ಕ್ಯಾಲ್ಸಿಯಂ ಕಿವಿರಿನ ಪೊರೆಯನ್ನು ಬಿಗಿಯಾಗಿಸಿ ಸೋರಿಕೆ ತಗ್ಗಿಸುತ್ತದೆ. ಮೆದು ನೀರಿನ ಮೀನಿನ ದೇಹ ಕಡಿಮೆ ಕ್ಯಾಲ್ಸಿಯಂನಲ್ಲಿ ಈ ಲೆಕ್ಕ ಸರಿದೂಗಿಸಲು ಹೊಂದಿಕೊಂಡಿದೆ. ಗಡಸು ನೀರಿನ ಮೀನಿನದು ಬೇರೆ ಲೆಕ್ಕ. ಆಫ್ರಿಕಾದ ಟ್ಯಾಂಗನಿಕಾ ಸರೋವರದ ನೀರು ಕ್ಷಾರೀಯ, ಪಿಎಚ್ 9ರ ಆಸುಪಾಸು. ಅಲ್ಲಿನ ಸಿಕ್ಲಿಡ್ ಮೀನನ್ನು ಮಳೆ ನೀರಿಗೆ ಬಿಟ್ಟರೆ ಅದಕ್ಕೂ ಕಷ್ಟವೇ. ಗಡಸು ನೀರು ಕೆಟ್ಟದ್ದು, ಮೆದು ನೀರು ಒಳ್ಳೆಯದು ಎಂಬ ಮಾತು ಬೇಳೆಗೆ ಸರಿ, ಮೀನಿಗೆ ಸರಿಯಲ್ಲ.

ದೂರವೇಕೆ, ನಮ್ಮ ಪಶ್ಚಿಮ ಘಟ್ಟದ ಹೊಳೆಗಳ ಮೀನುಗಳೂ ಮೆದು ನೀರಿನವು. 1865ರಲ್ಲಿ ಫ್ರಾನ್ಸಿಸ್ ಡೇ ಗುರುತಿಸಿ ಬರೆದ, ವ್ಯಾಪಾರದಲ್ಲಿ 'ಮಿಸ್ ಕೇರಳ' ಎನ್ನುವ ಕೆಂಪು ಗೆರೆಯ ಮೀನು ವಿದೇಶದ ತೊಟ್ಟಿಗಳಿಗಾಗಿ ವಿಪರೀತ ಹಿಡಿಯಲ್ಪಟ್ಟು ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. ನಮ್ಮ ಬಳಗದ ತೀರ್ಥಹಳ್ಳಿಯ ಗೆಳತಿ ಈ ಊರಿಗೆ ಬಂದ ಮೊದಲ ವಾರ ಕೇಳಿದ್ದು, ತೊಳೆದಿಟ್ಟ ಲೋಟದ ಮೇಲೆ ಈ ಬಿಳಿ ಕಲೆ ಯಾಕೆ ಎಂದು. ತುಂಗೆಯ ನೀರಿನಲ್ಲಿ ಬೆಳೆದವಳಿಗೆ ಅದು ಹೊಸದು.

ಹನಿ ಲೆಕ್ಕ

ಗಡಸುತನ ಅಳೆಯುವ ಡಿಗ್ರಿಗಳು ದೇಶಕ್ಕೊಂದು. ಲೀಟರಿಗೆ 10 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಇದ್ದರೆ ಒಂದು ಫ್ರೆಂಚ್ ಡಿಗ್ರಿ, 14.3 ಇದ್ದರೆ ಒಂದು ಕ್ಲಾರ್ಕ್ ಡಿಗ್ರಿ, 17.8 ಇದ್ದರೆ ಒಂದು ಜರ್ಮನ್ ಡಿಗ್ರಿ. ಮೀನು ಸಾಕುವವರ ನಡುವೆ ಹೆಚ್ಚು ಬಳಕೆಗೆ ಬಂದದ್ದು ಜರ್ಮನ್ ಡಿಗ್ರಿ.

ಸೋಪಿನ ಪರೀಕ್ಷೆಗೆ ನಿವೃತ್ತಿ ಸಿಕ್ಕಿದ್ದು 1940ರ ದಶಕದಲ್ಲಿ. ಜ್ಯೂರಿಕ್‌ನ ಗೆರೋಲ್ಡ್ ಶ್ವಾರ್ಜೆನ್‌ಬಾಕ್ ಅವರು ಇಡಿಟಿಎ ಎಂಬ ರಾಸಾಯನಿಕ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಇಕ್ಕಳದಂತೆ ಹಿಡಿದುಕೊಳ್ಳುವುದನ್ನು ಬಳಸಿ ಹೊಸ ಪರೀಕ್ಷೆ ರೂಪಿಸಿದರು. ಬಣ್ಣ ಹಾಕಿದ ನೀರು ಮೊದಲು ಕೆಂಪಗಿರುತ್ತದೆ. ಇಡಿಟಿಎ ಹನಿಹನಿಯಾಗಿ ಬೀಳುತ್ತಾ ಎಲ್ಲ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದು ಮುಗಿಸಿದ ಕ್ಷಣ ನೀಲಿಯಾಗುತ್ತದೆ. ಕಾಲೇಜಿನ ಲ್ಯಾಬಿನಲ್ಲಿ ವಿಜ್ಞಾನ ಓದಿದವರೆಲ್ಲ ಮಾಡಿರುವ ಪ್ರಯೋಗ ಇದು. ಇದರ ಪುಟ್ಟ ರೂಪವೇ ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಹನಿ ಬಾಟಲಿ. ಒಂದು ಹನಿಗೆ ಒಂದು ಜರ್ಮನ್ ಡಿಗ್ರಿ.

ಬೆಂಗಳೂರಿಗೆ ಹೋದವರು ಆ ಬಾಟಲಿ ತಂದರು. ಮೇಜಿನ ಸುತ್ತ ನಿಂತು ನಲ್ಲಿ ನೀರಿಗೆ ಹನಿ ಹಾಕುತ್ತಾ ಜೋರಾಗಿ ಎಣಿಸಿದೆವು. 27ನೇ ಹನಿಗೆ ನೀಲಿ. ಲೆಕ್ಕ ಹಾಕಿದರೆ ಲೀಟರಿಗೆ ಸುಮಾರು 480 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಒಪ್ಪಿತ ಮಿತಿ 200. ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ. ಆಮೇಲೆ ಮೀನು ಸತ್ತ ತೊಟ್ಟಿಯ ನೀರು. ಎಣಿಕೆ 27 ದಾಟಿತು, 30 ದಾಟಿತು. ನೀಲಿಯಾದದ್ದು 38ಕ್ಕೆ.

ನಲ್ಲಿಯಲ್ಲಿ 27 ಇದ್ದದ್ದು ತೊಟ್ಟಿಯಲ್ಲಿ 38 ಆದದ್ದು ಹೇಗೆ? ತಪ್ಪು ನಮ್ಮದೇ. ಬೇಸಿಗೆಯಲ್ಲಿ ಮುಚ್ಚಳವಿಲ್ಲದ ತೊಟ್ಟಿಯಿಂದ ವಾರಕ್ಕೆ ಸುಮಾರು 5 ಲೀಟರ್ ಆವಿಯಾಗುತ್ತಿತ್ತು. ಅಷ್ಟನ್ನೂ ನಲ್ಲಿ ನೀರಿನಿಂದಲೇ ತುಂಬುತ್ತಿದ್ದೆವು. ಆವಿಯಾಗುವುದು ಬರೀ ನೀರು. ಸುಣ್ಣ ಅಲ್ಲೇ ಉಳಿಯುತ್ತದೆ. 6 ವಾರಕ್ಕೆ 30 ಲೀಟರ್, ಲೀಟರಿಗೆ 480ರಂತೆ 14,400 ಮಿಲಿಗ್ರಾಂ. 60 ಲೀಟರಿಗೆ ಹಂಚಿದರೆ ಲೀಟರಿಗೆ 240 ಹೆಚ್ಚು. 480ಕ್ಕೆ 240 ಕೂಡಿದರೆ 720, ಅಂದರೆ 40 ಡಿಗ್ರಿ. ಉಳಿದ 2 ಡಿಗ್ರಿ ನೀರಿನ ಅಂಚಿನ ಗಾಜಿಗೆ ಬಿಳಿ ಗೆರೆಯಾಗಿ ಅಂಟಿತ್ತು. ಕೆರೆಗೆ ಕೋಡಿ ಇಲ್ಲದಿದ್ದರೆ ಏನಾಗುತ್ತದೋ ಅದನ್ನೇ ನಾವು ಗಾಜಿನಲ್ಲಿ ಮಾಡಿದ್ದೆವು.

ಇಂದು ಅಂಗಡಿಗೆ ಬರುವ ನಿಯಾನ್‌ಗಳು ಹೆಚ್ಚಿನವು ಆಗ್ನೇಯ ಏಷ್ಯಾದ ಸಾಕಣೆ ತೊಟ್ಟಿಗಳಲ್ಲಿ ಹುಟ್ಟಿದವು. ಸ್ವಲ್ಪ ಗಡಸು ನೀರನ್ನು ತಡೆದುಕೊಳ್ಳುತ್ತವೆ. ಅಂಗಡಿಯ ನೀರಿನಿಂದ ಒಮ್ಮೆಗೇ 27ಕ್ಕೆ ಬಿದ್ದು, ಅಲ್ಲಿಂದ 38ಕ್ಕೆ ಏರುವುದನ್ನು ತಡೆದುಕೊಳ್ಳುವುದು ಬೇರೆ ಮಾತು.

ಗಡಸುತನದಲ್ಲೂ ಎರಡು ಬಗೆ ಎಂಬುದನ್ನು ಇಲ್ಲೇ ಹೇಳಬೇಕು. ಬೈಕಾರ್ಬೊನೇಟಿನ ಜತೆಗಿರುವುದು ತಾತ್ಕಾಲಿಕ. ನೀರು ಕುದಿಸಿದರೆ ಬಿಳಿ ಪದರವಾಗಿ ಪಾತ್ರೆಗೆ ಅಂಟಿ ಹೋಗುತ್ತದೆ. ಸಲ್ಫೇಟ್, ಕ್ಲೋರೈಡಿನ ಜತೆಗಿರುವುದು ಶಾಶ್ವತ, ಕುದಿಸಿದರೂ ಹೋಗದು. ಅಕ್ವೇರಿಯಂ ಪರೀಕ್ಷೆಯಲ್ಲಿ ಒಟ್ಟು ಗಡಸುತನಕ್ಕೆ ಜಿಎಚ್, ಕಾರ್ಬೊನೇಟ್ ಗಡಸುತನಕ್ಕೆ ಕೆಎಚ್ ಎಂಬ ಎರಡು ಬಾಟಲಿ ಇರುವುದು ಇದರಿಂದಲೇ. ಕೆಎಚ್ ನೀರಿನ ಪಿಎಚ್ ಕುಸಿಯದಂತೆ ಹಿಡಿದಿಡುತ್ತದೆ. ಅದು ಸೊನ್ನೆಗೆ ಬಂದರೆ ಮೀನಿನ ತ್ಯಾಜ್ಯದಿಂದ ನೀರು ಹುಳಿಯಾಗುತ್ತಾ ಹೋಗಿ ಒಂದು ದಿನ ತೊಟ್ಟಿ ಪೂರ್ತಿ ಕುಸಿಯಬಹುದು.

ಫಿಲ್ಟರ್ ನೀರಿನ ಸಾಲಿನಲ್ಲಿ

ಕಾರಣ ತಿಳಿದ ಮೇಲೆ ಮತ್ತೆ ನಿಯಾನ್ ತರುವ ಆಸೆ ಹುಟ್ಟಿತು. ನೀರನ್ನು ಮೆದು ಮಾಡುವ ದಾರಿಗಳನ್ನು ಹುಡುಕಿದೆವು.

20ನೇ ಶತಮಾನದ ಆರಂಭದಲ್ಲಿ ಜರ್ಮನಿಯ ರಾಬರ್ಟ್ ಗಾನ್ಸ್ ಪರ್ಮುಟಿಟ್ ಎಂಬ ಕೃತಕ ಜಿಯೋಲೈಟನ್ನು ಬಳಕೆಗೆ ತಂದರು. ಗಡಸು ನೀರು ಅದರ ಮೂಲಕ ಹಾದಾಗ ಕ್ಯಾಲ್ಸಿಯಂ ಅಲ್ಲಿ ಉಳಿದು ಬದಲಿಗೆ ಸೋಡಿಯಂ ಬರುತ್ತದೆ. 1935ರಲ್ಲಿ ಇಂಗ್ಲೆಂಡಿನ ಆಡಮ್ಸ್ ಮತ್ತು ಹೋಮ್ಸ್ ಅದೇ ಕೆಲಸಕ್ಕೆ ಕೃತಕ ರಾಳ ಕಂಡುಹಿಡಿದರು. ಇಂದು ಅಪಾರ್ಟ್‌ಮೆಂಟುಗಳಲ್ಲಿ ಉಪ್ಪು ಸುರಿದು ನಡೆಸುವ ಸಾಫ್ಟ್‌ನರ್ ಇದರ ಮೊಮ್ಮಗ. ಸೋಪಿಗೆ, ಗೀಸರಿಗೆ ಅದು ಸರಿ. ಮೀನಿಗೆ ಅಷ್ಟಾಗಿ ಅಲ್ಲ. ಕ್ಯಾಲ್ಸಿಯಂ ಹೋಗಿ ಸೋಡಿಯಂ ಬಂತೇ ಹೊರತು ಕರಗಿದ ಲವಣದ ಹೊರೆ ಇಳಿಯಲಿಲ್ಲ.

ಲವಣವನ್ನೇ ತೆಗೆಯುವ ದಾರಿ ರಿವರ್ಸ್ ಆಸ್ಮೋಸಿಸ್, ಅಂದರೆ ಆರ್‌ಒ. ಅದಕ್ಕೆ ಬೇಕಾದ, ನೀರನ್ನು ಸಾಕಷ್ಟು ವೇಗವಾಗಿ ಬಿಡುವ ಪೊರೆಯನ್ನು 1960ರ ಹೊತ್ತಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ ರೂಪಿಸಿದವರು ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾ ಎಂಬ ಊರಿನಲ್ಲಿ ಮೊದಲ ಘಟಕ ನೀರು ಕೊಟ್ಟಿತು. ಸೌರಿರಾಜನ್ನರ ಆ ಪೊರೆಯ ವಂಶಸ್ಥರೇ ಇಂದು ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದೊಳಗೆ ಕೂತಿರುವುದು.

ಒಂದು ಸಂಜೆ ನಾವು ಮೂರು ಕ್ಯಾನ್ ಹಿಡಿದು ಊರಿನ ಘಟಕದ ಮುಂದೆ ಸಾಲಿನಲ್ಲಿ ನಿಂತೆವು. ಒಂದು ಕ್ಯಾನಿಗೆ 20 ಲೀಟರ್, ಮೂರು ತುಂಬಿದರೆ ಒಂದು ತೊಟ್ಟಿ. ಹಿಂದೆ ನಿಂತಿದ್ದ ಹೆಂಗಸರೊಬ್ಬರು ಕೇಳಿದರು: "ಏನಣ್ಣ, ನಾಲ್ಕು ಜನಕ್ಕೆ ಮೂರು ಕ್ಯಾನಾ?" ನಮ್ಮಲ್ಲೊಬ್ಬ ತಡವರಿಸುತ್ತಾ ಮೀನಿಗೆ ಎಂದ. "ಮೀನಿಗೂ ಫಿಲ್ಟರ್ ನೀರಾ!" ಎಂದು ಅವರು ನಕ್ಕರು. ಸಾಲಿನಲ್ಲಿದ್ದವರೆಲ್ಲ ನಕ್ಕರು, ನಾವೂ ನಕ್ಕೆವು. ಆದರೆ ಫ್ಲೋರೈಡ್ ನೀರಿನ ಬಗ್ಗೆ, ಘಟಕ ಕೆಟ್ಟು ನಿಂತ ಹಳ್ಳಿಗಳ ಬಗ್ಗೆ ವರದಿ ಬರೆದ ಕೈಗಳಲ್ಲೇ ಆ ಕ್ಯಾನುಗಳಿದ್ದವು.

ಘಟಕ ನೋಡಿಕೊಳ್ಳುವ ಹುಡುಗ ಹಿಂಭಾಗದ ಪೈಪು ತೋರಿಸಿದ. ಒಂದು ಕ್ಯಾನ್ ತುಂಬುವಷ್ಟರಲ್ಲಿ ಒಂದು ಕ್ಯಾನಿಗಿಂತ ಹೆಚ್ಚು ನೀರು ಮೋರಿಗೆ ಹೋಗುತ್ತದೆ. ಪೊರೆ ಸುಣ್ಣವನ್ನು ಇಲ್ಲವಾಗಿಸುವುದಿಲ್ಲ, ಉಳಿದ ನೀರಿಗೆ ತಳ್ಳುತ್ತದೆ ಅಷ್ಟೇ. ಆ ಮೋರಿ ನೀರನ್ನೂ ಬಾಟಲಿಯಲ್ಲಿ ತಂದು ಹನಿ ಹಾಕಿದೆವು. 49. ನಮ್ಮ ತೊಟ್ಟಿಯ ಒಂದು ಭರ್ತಿಗೆ ಅಂಥ ನೀರು ಮೂರು ಕ್ಯಾನಿಗೂ ಮಿಕ್ಕಿ ಈ ಊರಿನ ನೆಲಕ್ಕೆ ಇಳಿಯಬೇಕು. ಮೂರು ಕ್ಯಾನಿನಲ್ಲಿ ಒಂದನ್ನು ಕುಡಿಯಲು ಇಟ್ಟುಕೊಂಡು ಎರಡನ್ನು ಅಜ್ಜಿಯ ಮನೆಗೆ ಕೊಟ್ಟೆವು. ನಿಯಾನ್ ತರುವ ಮಾತು ಅಲ್ಲಿಗೆ ನಿಂತಿತು.

ಬಾವಿಯ ಗಪ್ಪಿ

ಹಾಗಾದರೆ ಗಪ್ಪಿಗಳು ಹೇಗೆ ಬದುಕಿದವು? ಅವಕ್ಕೂ ಒಂದು ಚರಿತ್ರೆ ಇದೆ.

ಗಪ್ಪಿ ದಕ್ಷಿಣ ಅಮೆರಿಕದ ಉತ್ತರ ಭಾಗ ಮತ್ತು ಟ್ರಿನಿಡಾಡ್ ದ್ವೀಪದ ಮೀನು. 1859ರಲ್ಲೇ ವಿಲ್ಹೆಲ್ಮ್ ಪೀಟರ್ಸ್ ಅದನ್ನು ವಿವರಿಸಿದ್ದರೂ, ಟ್ರಿನಿಡಾಡಿನಿಂದ ಲೆಚ್ಮಿಯರ್ ಗಪ್ಪಿ ಎಂಬವರು ಕಳಿಸಿದ ಮೀನಿಗೆ 1866ರಲ್ಲಿ ಲಂಡನ್ನಿನ ಆಲ್ಬರ್ಟ್ ಗುಂಥರ್ ಅವರ ಹೆಸರಿಟ್ಟ ಮೇಲೆ ಆ ಹೆಸರೇ ನಿಂತಿತು. ಮೊಟ್ಟೆ ಇಡದೆ ಮರಿ ಹಾಕುವ ಈ ಮೀನು ಗಡಸು ನೀರಿನಲ್ಲಿ ಮೆದು ನೀರಿಗಿಂತ ಚೆನ್ನಾಗಿಯೇ ಇರುತ್ತದೆ.

ಸೊಳ್ಳೆ ಮರಿ ತಿನ್ನುತ್ತದೆ ಎಂದು ಮಲೇರಿಯಾ ತಡೆಗೆ ಇದನ್ನು ಲೋಕವೆಲ್ಲ ಸುತ್ತಿಸಿದರು. ಅದರ ಬಂಧು ಗಾಂಬೂಸಿಯಾ 1928ರ ಸುಮಾರಿಗೆ ಭಾರತಕ್ಕೆ ಬಂತು. ಮುಂದೆ ಮಲೇರಿಯಾ ಸಂಶೋಧಕರು ಕೋಲಾರ, ತುಮಕೂರು, ಹಾಸನ ಜಿಲ್ಲೆಗಳ ಹಳ್ಳಿಗಳ ಬಾವಿಗಳಿಗೆ ಗಪ್ಪಿ, ಕೆರೆ ಕುಂಟೆಗಳಿಗೆ ಗಾಂಬೂಸಿಯಾ ಬಿಟ್ಟು ಕಾಯಿಲೆ ತಗ್ಗಿಸುವ ಪ್ರಯೋಗ ಮಾಡಿದರು, ಫಲವೂ ಸಿಕ್ಕಿತು. ನಮ್ಮ ಅಜ್ಜಿಗೂ ಆರೋಗ್ಯ ಇಲಾಖೆಯವರು ಬಾವಿಗೆ ಮೀನು ಬಿಟ್ಟದ್ದು ನೆನಪಿದೆ. ಅಂದರೆ ನಾವು ದುಡ್ಡು ಕೊಟ್ಟು ತಂದ ಗಪ್ಪಿ ಈ ಜಿಲ್ಲೆಯ ನೀರಿಗೆ ನಮಗಿಂತ ಹಳಬ. ಈಗ ಒಂದು ಎಚ್ಚರವೂ ಇದೆ. ಹೊಳೆ, ಹಳ್ಳಗಳಿಗೆ ಸೇರಿದರೆ ಈ ಪರದೇಶಿ ಮೀನುಗಳು ಸ್ಥಳೀಯ ಮೀನಿನ ಮೊಟ್ಟೆ ಮರಿಗಳಿಗೆ ಕುತ್ತು. ಸಾಕಲು ಬೇಸರವಾಯಿತೆಂದು ಕೆರೆಗೆ ಬಿಡಬೇಡಿ.

ಡ್ರಮ್ಮಿನ ನೀರು

ಜೂನ್‌ನಲ್ಲಿ ಮಳೆ ಬಂತು. ಮೊದಲ ಎರಡು ಮಳೆಯ ನೀರನ್ನು ಹರಿಯಬಿಟ್ಟು, ಮೂರನೆಯದರಲ್ಲಿ ತಾರಸಿಯ ಪೈಪಿಗೆ ಬಟ್ಟೆ ಕಟ್ಟಿ 200 ಲೀಟರಿನ ಡ್ರಮ್ ತುಂಬಿಸಿದೆವು. ಪರೀಕ್ಷೆಗೆ ಹನಿ ಹಾಕಿದರೆ ಮೊದಲ ಹನಿಗೇ ನೀಲಿ. ಮೂರು ಬಿಂದಿಗೆ ಮಳೆ ನೀರಿಗೆ ಒಂದು ಬಿಂದಿಗೆ ಬೋರ್‌ವೆಲ್ ನೀರು ಬೆರೆಸಿ ನೋಡಿದೆವು. 7 ಡಿಗ್ರಿ. 27ನ್ನು ನಾಲ್ಕರಿಂದ ಭಾಗಿಸಿದಷ್ಟೇ. ಕೆಎಚ್ ಕೂಡ ಉಳಿದಿರುತ್ತದೆ. ಮೆದು ನೀರಿನ ಮೀನೇ ಬೇಕೆನ್ನುವವರಿಗೆ ಬಯಲುಸೀಮೆಯಲ್ಲಿ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಬೆರಕೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ಗಡಸುತನ ತಪ್ಪಿರುವುದಕ್ಕಿಂತ ಒಮ್ಮೆಗೇ ಬದಲಾಗುವುದು ಮೀನಿಗೆ ಹೆಚ್ಚು ಅಪಾಯ.

ನಾವು ಮಾತ್ರ ಗಪ್ಪಿಗಳಲ್ಲೇ ಉಳಿದೆವು. ತೊಟ್ಟಿಗೆ ಮುಚ್ಚಳ ಬಂತು. ವಾರಕ್ಕೊಮ್ಮೆ ಒಂದು ಬಿಂದಿಗೆ ಹಳೆಯ ನೀರು ತೆಗೆದು ಕ್ಲೋರಿನ್ ಇಲ್ಲದ ನಮ್ಮ ಬೋರ್‌ವೆಲ್ ನೀರನ್ನೇ ಹಾಕುತ್ತೇವೆ. ತೆಗೆದ ನೀರು ದಾಸವಾಳಕ್ಕೆ. ಆವಿಯಾದಷ್ಟನ್ನು ಮಾತ್ರ ಮಳೆ ನೀರಿನಿಂದ ತುಂಬುತ್ತೇವೆ. ಹೋದದ್ದು ಬರೀ ನೀರು, ಹಾಕುವುದೂ ಬರೀ ನೀರು. ಕಳೆದ ವಾರ ಅಳೆದಾಗ ತೊಟ್ಟಿಯಲ್ಲಿ 27 ಹನಿ, ನಲ್ಲಿಯಲ್ಲೂ 27.

ಡ್ರಮ್ಮಿನಲ್ಲಿ ಬೇಕಾದಷ್ಟು ನೀರು ಉಳಿಯಿತು. ಅಜ್ಜಿ ಒಂದು ತಂಬಿಗೆ ಒಯ್ದು ಚೆನ್ನಾಗಿ ಕುದಿಸಿ ಅದರಲ್ಲಿ ತೊಗರಿಬೇಳೆ ಬೇಯಿಸಿದರು. ಸಂಜೆ ನಮ್ಮ ನಾಲ್ವರಿಗೂ ಸಾರು ಬಂತು. ಬೇಳೆ ಕರಗಿ ಹೋಗಿತ್ತು. ಪಾತ್ರೆ ವಾಪಸ್ ಕೊಡಲು ಹೋದಾಗ ಅಜ್ಜಿ ಡ್ರಮ್ಮಿನ ಮೇಲೆ ತಮ್ಮ ಹಳೆಯ ತಟ್ಟೆ ಮುಚ್ಚಿ, ಅದರ ಮೇಲೊಂದು ಕಲ್ಲಿಡುತ್ತಿದ್ದರು.

"ಮೀನಿಗೆ ಬೋರ್ ನೀರೇ ಸಾಕು ಕಣ್ರಪ್ಪ," ಎಂದರು. "ಇದು ಬ್ಯಾಳೆಗಿರ್ಲಿ."